ಮೀಸಲು

ಡೆಟ್ರಾಯಿಟ್ ವಿಮಾನ ನಿಲ್ದಾಣದ ಬೆನ್ನಿಗೆ ರೊಮುಲಸ್.
ಅಲ್ಲಿ ಸಮೀರಾ ಬಝ್ಝಿಯ ಮನೆ: ಮೂರು ಕೋಣೆ, ಹನ್ನೊಂದು ಹಾಸಿಗೆ
ಒಂದರ ಮೇಲೊಂದು, ತಿಂಗಳಿಗೆ ಇನ್ನೂರ ಎಪ್ಪತ್ತೈದು ಡಾಲರು.
ಫ್ರಿಜ್ಜಿನಲ್ಲಿ ಹೆಸರು ಬರೆದಿಟ್ಟ ಹಾಲಿನ ಡಬ್ಬಿಗಳು,
ನಾಲ್ಕು ಹುಳಿತಿವೆ. ಅವು ಕರೆ ಬಂದು ಹಾರಿಹೋದವರವು.

ಕರ್ಸ್ಟಿ ಲಾಹ್ತಿ, ಸಹ ಪೈಲಟ್, ಕಿಟಕಿ ಕಡೆಯ ಮೇಲಿನ ಹಾಸಿಗೆ,
ಬೆಳಗಿನ ನಾಲ್ಕರಿಂದ ಸಂಜೆ ಆರರವರೆಗೆ
ಮೀಸಲು.

ಹಾಗೆಂದರೆ ಕೆಲಸವಲ್ಲ, ರಜೆಯೂ ಅಲ್ಲ.
ಫೋನು ಯಾವಾಗ ಬೇಕಾದರೂ ಬಡಿದುಕೊಳ್ಳಬಹುದು;
ಬಡಿದುಕೊಂಡರೆ ಎರಡು ತಾಸಿನೊಳಗೆ
ಟೈ ಬಿಗಿದು, ಪೆಟ್ಟಿಗೆ ಎಳೆದು, ಗೇಟಿನ ಮುಂದಿರಬೇಕು.
ಬಡಿದುಕೊಳ್ಳದಿದ್ದರೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೂ ಸಂಬಳವಿದೆ, ಕನಿಷ್ಠದ್ದು.

ನಮ್ಮಲ್ಲಿ ಮೀಸಲೆಂದರೆ
ಮೊದಲು ಕರೆದ ಹಾಲು, ಮೊದಲ ಹಿಡಿ ಅಕ್ಕಿ,
ಯಾರೂ ಮೂಸದಂತೆ ದೇವರಿಗೆ ತೆಗೆದಿಟ್ಟದ್ದು.
ಇಲ್ಲಿಯ ದೇವರು ಎಲ್ಲೋ ಕಿಟಕಿಯಿಲ್ಲದ ಕಟ್ಟಡದಲ್ಲಿ
ಹೆಡ್‌ಸೆಟ್ ತೊಟ್ಟು ಪಾಳಿಯಲ್ಲಿ ಕೂತ ವೇಳಾಪಟ್ಟಿಯ ಗುಮಾಸ್ತ.
ಅವನಿಗೆ ಇವಳ ಮುಖ ಗೊತ್ತಿಲ್ಲ, ಸಂಖ್ಯೆ ಗೊತ್ತು:
ನಾಲ್ಕು ಸಾವಿರದ ನೂರಾ ಹದಿನೇಳು.
ಹಿರಿಯರು ನಿವೃತ್ತರಾದಂತೆ ಅದು ಒಂದೊಂದೇ ಇಳಿಯುತ್ತದೆ,
ಇಳಿದಷ್ಟೂ ಇವಳು ಏರಿದ ಹಾಗೆ.

ಬೆಳಿಗ್ಗೆ ಬಟ್ಟೆ ಒಗೆಯಲಿಲ್ಲ. ಒದ್ದೆ ಶರಟು ತೊಟ್ಟು ಹಾರಲಾಗದು.
ಸ್ನಾನಕ್ಕೆ ಹೋದಾಗ ಫೋನನ್ನು ಸ್ಯಾಂಡ್‌ವಿಚ್ ಚೀಲದಲ್ಲಿ ಮುಚ್ಚಿ
ಸಾಬೂನಿನ ತಟ್ಟೆಯಲ್ಲಿಟ್ಟಳು.
ತಲೆಗೆ ನೊರೆ ಹಚ್ಚುವಷ್ಟರಲ್ಲಿ ರಿಂಗಾಯಿತು.
ಗೋಡೆಯಾಚೆ, ಪೆಟಿಗ್ರೂನದು.
"ಒಮಾಹಾ!" ಎಂದು ಬೈಗುಳದಂತೆ ಕೂಗಿದ.
ಲೇಸು ಕಟ್ಟದ ಬೂಟು ದಡಬಡ ಮೆಟ್ಟಿಲಿಳಿದವು.

ಗ್ರಂಥಾಲಯ ಆರು ಮೈಲಿ, ಸರಿ.
ಕೆರೆಗೆ ಹೋಗಬಹುದು, ಈಜಬಾರದು.
ಸಿನಿಮಾ ನೋಡಬಹುದು, ಬಾಗಿಲ ಪಕ್ಕದ ಕುರ್ಚಿಯಾದರೆ.
ಬಿಯರಿನ ಮಾತೇ ಇಲ್ಲ.
ಗೂಟಕ್ಕೆ ಕಟ್ಟಿದ ಹಗ್ಗದ ಉದ್ದ ಎರಡು ತಾಸು,
ಮೇವು ಅಷ್ಟರೊಳಗೇ.

ಮಧ್ಯಾಹ್ನ ಷಿಕಾಗೋ ಮೇಲೆ ಗುಡುಗು.
ರೇಡಾರ್ ನಕ್ಷೆಯಲ್ಲಿ ಹಳದಿ, ಕೆಂಪು, ನಡುವೆ ಒಂದು ನೇರಳೆ ಕಲೆ.
ಅಷ್ಟು ದೂರದ ಮೋಡ ಇವಳ ಹಣೆಬರಹ ತಿದ್ದುತ್ತದೆ.
ವಿಮಾನಗಳು ತಡವಾಗುತ್ತವೆ, ಪೈಲಟ್‌ಗಳ ಗಂಟೆ ತುಂಬುತ್ತದೆ,
ನಿಯಮ ಹೇಳುತ್ತದೆ: ಸಾಕು, ಏಳು.
ಯಾರಾದರೂ ಎದ್ದರೆ ತಾನೇ ಇವಳು ಕೂರುವುದು.
ಇನ್ನೊಬ್ಬರ ಜ್ವರ, ಕೆಟ್ಟ ಊಟ, ಕೆಟ್ಟ ಹವೆ:
ಇವಳ ಅನ್ನ.
ಇದನ್ನು ಅವಳು ಯಾರಿಗೂ ಹೇಳಿಲ್ಲ.

ಸಂಜೆ ಏಳೂ ಹತ್ತಕ್ಕೆ ಎಸ್ಕನಾಬಾಕ್ಕೆ ಕೊನೆಯ ವಿಮಾನ. ಸೀಟು ಖಾಲಿಯಿದ್ದರೆ
ಪುಕ್ಕಟೆ ಹತ್ತಬಹುದು. ಮನೆಗೆ ಹೋಗುವಾಗಲೂ ಅವಳು
ಮಿಕ್ಕ ಸೀಟಿನ ಮೀಸಲೇ.
ಅಲ್ಲಿ ಆರ್ವೋ ದೋಣಿಗೆ ಬಣ್ಣ ಹೊಡೆಯುತ್ತ
ಬರ್ತೀಯಾ ಎಂದು ಕೇಳುವುದನ್ನು ಬಿಟ್ಟಿದ್ದಾನೆ;
ಬಂದರೆ ಎರಡು ತಟ್ಟೆ ಹಾಕುತ್ತಾನೆ.

ಐದೂ ಮೂವತ್ತು. ಪೆಟ್ಟಿಗೆಗೆ ಜೀನ್ಸ್ ತುಂಬಿದಳು.
ಐದೂ ನಲವತ್ತೆರಡು.
"ಲಾಹ್ತಿಯವರೇ? ಮೊಲೀನ್‌ಗೆ ಒಂದು ವಿಮಾನ ನಿಂತಿದೆ."
ಇನ್ನು ಹದಿನೆಂಟು ನಿಮಿಷ ತಡೆದಿದ್ದರೆ!
"ಬರುತ್ತೇನೆ" ಎಂದಳು.
ದನಿಯಲ್ಲಿ ಬೇಸರ ಹುಡುಕಿದಳು, ಇರಲಿಲ್ಲ.

ಏರುಸೇತುವೆಯಲ್ಲಿ ಎದುರಾದ, ಗಂಟೆ ತುಂಬಿದವನು,
ಉದ್ದ ಕಾಲಿನ ಒಲೆನಿಕ್. ಬೆಳಗಿನಿಂದ ಅದೇ ಶರಟು.
"ಕ್ಷಮಿಸು," ಎಂದ.
ಯಾತಕ್ಕೆ ಎಂದು ಇಬ್ಬರಿಗೂ ತಿಳಿಯಲಿಲ್ಲ.
ಹದಿನಾಲ್ಕನೆಯ ಸಾಲಿನಿಂದ ಯಾರೋ
"ಅಂತೂ ಬಂದಳಪ್ಪಾ" ಎಂದರು, ಇವಳೇ ತಡವೆಂಬಂತೆ.

ಕಾಗದದ ಲೋಟದಲ್ಲಿ ಅವನು ಉಗಿದ ಸೂರ್ಯಕಾಂತಿ ಸಿಪ್ಪೆ.
ಸೀಟು ಇನ್ನೂ ಬೆಚ್ಚಗಿತ್ತು, ಹಿಂದಕ್ಕೆ ಬಲು ದೂರ ಸರಿದಿತ್ತು;
ಪೆಡಲಿಗೆ ತುದಿಗಾಲಷ್ಟೇ ಎಟುಕಿತು.
ಸನ್ನೆ ತಿರುಗಿಸಿ ಒಂದೊಂದೇ ಹಲ್ಲು ಮುಂದೆ ತಂದಳು
ಪಾದ ಪೂರ್ತಿ ಊರುವವರೆಗೆ.

ಗಾಳಿ ತಿರುಗಿ, ಓಡುದಾರಿಯ ಬಾಯಲ್ಲಿ ಉದ್ದ ಸಾಲು.
ಎರಡು ವಿಮಾನದ ಮುಂದೆ, ಅದೂ ತಡವಾಗಿ,
ಎಸ್ಕನಾಬಾದ್ದು.
ಅದರ ಬಾಲದ ದೀಪ ಮಿನುಗುತ್ತಿತ್ತು.
ಕ್ಯಾಪ್ಟನ್ ಪಟ್ಟಿ ಓದತೊಡಗಿದ,
ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು.