ಗೋಡೆ ಒಡೆಯದೆ

ಪುತ್ತರಿಗೆ ಇನ್ನು ಇಪ್ಪತ್ತೆರಡು ದಿನ ಇರುವಾಗ
ಅತ್ತೆ ದೇಚವ್ವ ಕನ್ನಡಕ ಒರೆಸಿಕೊಂಡು
ನಡುಮನೆಯನ್ನು ಒಮ್ಮೆ ಸುತ್ತ ನೋಡಿ ಅಂದರು:
ಈ ಮನೆಗೆ ನನಗಿಂತ ವಯಸ್ಸಾದ ಹಾಗೆ ಕಾಣುತ್ತೆ,
ಇದು ಸರಿಯಲ್ಲ.

ಹಿತ್ತಲ ಸಿಲ್ವರ್ ಮರಕ್ಕೆ ಹಬ್ಬಿದ ನಾಲ್ಕು ಬಳ್ಳಿ ಮೆಣಸು,
ಬೇಸಿಗೆಯಲ್ಲಿ ಮಾರಿಟ್ಟ ದುಡ್ಡು ಒಂಬತ್ತು ಸಾವಿರ ಚಿಲ್ಲರೆ,
ಅಷ್ಟರೊಳಗೆ ಆಗಬೇಕು.
ಗೋಡೆ ಒಡೆಯುವಂತಿಲ್ಲ, ಮೇಸ್ತ್ರಿ ಹೊಸ್ತಿಲು ದಾಟುವಂತಿಲ್ಲ,
ಸಿಮೆಂಟಿನ ಚೀಲ ಕಂಡರೆ ತವರಿಗೆ ಹೋಗುತ್ತೇನೆ
ಎಂದರು ಎಪ್ಪತ್ತೊಂದರ ಹೆಂಗಸು.
ತವರು ಎರಡು ಬೀದಿ ಆಚೆ,
ವಿರಾಜಪೇಟೆಯ ಗಡಿಯಾರ ಕಂಬದಿಂದ ಕೂಗಿದರೆ ಕೇಳುವಷ್ಟು ದೂರ.

ಮೊದಲ ದಿನ ಏನನ್ನೂ ತರಲಿಲ್ಲ, ತೆಗೆದೆವು.
ಶೋಕೇಸಿನಿಂದ ಪ್ಲಾಸ್ಟಿಕ್ ಗುಲಾಬಿ,
ಕತ್ತು ಸಿಕ್ಕಿಹಾಕಿಕೊಂಡ ತಂಜಾವೂರಿನ ಗೊಂಬೆ,
ಯಾರು ಯಾರದೋ ಮದುವೆಗೆ ಬಂದ ಆರು ಗಡಿಯಾರ,
ಆರಕ್ಕೂ ಆರು ಹೊತ್ತು.
ಕಿಟಕಿಗೆ ಕಂದು ಪರದೆ, ಅದರ ಬೆನ್ನಿಗೆ ಇನ್ನೊಂದು ಪರದೆ.
ಯಾರಿಗೆ ಹೆದರಿ? ಎದುರಿಗಿರುವುದು ಹಲಸಿನ ಮರ.

ಗೋದ್ರೇಜ್ ಬೀರುವನ್ನು ನಾನೂ ನಾದಿನಿ ಬೊಳ್ಳವ್ವನೂ
ಗೋಣಿಯ ಮೇಲೆ ನಿಲ್ಲಿಸಿ ಎಳೆದಾಗ
ಅದರ ಹಿಂದೆ ಒಂದು ಕಿಟಕಿ.
ಹದಿನಾಲ್ಕು ವರ್ಷ ಈ ಮನೆಯಲ್ಲಿ ಉಂಡು ಮಲಗಿದವಳು ನಾನು,
ಹೊರಗಿನಿಂದ ದಿನಾ ಅದರ ಸರಳಿಗೆ ಬಟ್ಟೆ ಒಣಗಿಸಿದವಳು,
ಒಳಗೂ ಅದು ಇರಬೇಕು ಎಂದು ಹೊಳೆದಿರಲಿಲ್ಲ.
ಚಿಲಕಕ್ಕೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ತೆರೆದರೆ
ನೆಲದ ಮೇಲೆ ಚೌಕಾಕಾರದ ಬಿಸಿಲು ಬಿತ್ತು,
ಬೆಕ್ಕು ಕೂಡಲೇ ಅದನ್ನು ತನ್ನದೆಂದಿತು.
ಖರ್ಚು: ಸೊನ್ನೆ.

ಸುಂಟಿಕೊಪ್ಪದ ಹಂಸ ಬಂದು
ಕಪ್ಪು ಗುಂಡು ಸ್ವಿಚ್ಚುಗಳನ್ನು ಬಿಚ್ಚಿ ಬಿಳಿಯದು ಕೂರಿಸಿದ.
ನಾನು ಹಳೆಯದೊಂದನ್ನು ಅಂಗೈಯಲ್ಲಿಟ್ಟು
ಟಕ್ ಟಕ್ ಎನಿಸುತ್ತಾ ನಿಂತಿದ್ದೆ.
ಎಷ್ಟು ಚೆಂದ ಅಲ್ವಾ ಅತ್ತೆ, ಹಳೇ ಕಾಲದ್ದು.
ಅತ್ತೆ ತಿರುಗಿಯೂ ನೋಡಲಿಲ್ಲ:
ಹಳೆಯದು ಚೆಂದ ಅನ್ನುವವರು
ಅದರ ಶಾಕ್ ತಿಂದವರಲ್ಲ.

ಆಮೇಲೆ ನೆಲದ ಲಿನೋಲಿಯಂ.
ಎಂಬತ್ತೊಂಬತ್ತರಲ್ಲಿ ಮಾವ ಮೈಸೂರಿನಿಂದ
ಬಸ್ಸಿನ ಟಾಪಿನ ಮೇಲೆ ಹಾಕಿಸಿ ತಂದದ್ದು,
ಅದನ್ನು ನೋಡಲು ಆಗ ಬೀದಿಯವರೆಲ್ಲ
ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರಂತೆ.
ಸುರುಳಿ ಸುತ್ತುತ್ತಾ ಹೋದಂತೆ ಕೆಳಗೆ
ಕೆಂಪು ಕಾವಿಯ ನೆಲ, ಅಂಚಿಗೆ ಕರಿ ಗೆರೆ,
ಯಾರೂ ತುಳಿಯದೆ ಉಳಿದ ಬಣ್ಣ.
ಬೊಳ್ಳವ್ವ ನಕ್ಕಳು: ಮಾಡರ್ನ್ ಮಾಡಲು ಹೊರಟು
ಅಜ್ಜನ ಕಾಲಕ್ಕೆ ಬಂದೆವಲ್ಲ!
ಅತ್ತೆ ಬಾಗಿ, ಬೆರಳಿನಿಂದ ಒರೆಸಿ ನೋಡಿ,
ಇದಕ್ಕೆ ಸಾಬೂನು ಸಾಕು, ಅಂದರು.

ಟ್ಯೂಬ್‌ಲೈಟಿನ ಆಸ್ಪತ್ರೆ ಬೆಳಕು ಹೋಗಿ
ಮೂಲೆಗೆ ಹಳದಿ ಬಲ್ಬು ಬಂತು, ಬಿದಿರಿನ ಬುಟ್ಟಿ ಬೋರಲು ಹಾಕಿ.
ಅಡುಗೆಮನೆ ಕಪಾಟಿಗೆ ಹೊಸ ಹಿಡಿ, ಹನ್ನೆರಡು.
ಕಾಚಂಪುಳಿ ಬಾಟಲಿ ಮಾತ್ರ ಇದ್ದಲ್ಲೇ ಇದೆ,
ಅದರ ಕೆಳಗಿನ ಕಪ್ಪು ಉಂಗುರ ಯಾವ ಪೇಂಟಿಗೂ ಬಗ್ಗಲಿಲ್ಲ.

ಕೊನೆಗೆ ಮೊಳೆಗಳು.
ಕ್ಯಾಲೆಂಡರಿನವು, ಕಡವೆ ಕೊಂಬಿನದು, ಏನನ್ನೂ ಹೊರದವು.
ಇಪ್ಪತ್ತೇಳನ್ನು ನಾನು ಕಿತ್ತೆ.
ಬಾಗಿಲ ಬಲಗಡೆಯದಕ್ಕೆ ಕೈ ಹಾಕಿದಾಗ
ಬಿಡು, ಅದು ನನ್ನದು, ಅಂದರು.
ಮಾವನ ಹ್ಯಾಟು ನೇತಾಡುತ್ತಿದ್ದ ಮೊಳೆ.
ಇರಲಿ ಬಿಡಿ ಅತ್ತೆ, ಒಂದು ತಾನೇ, ಎಂದೆ.
ಯಾಕೆ ಇರಬೇಕು, ಎಂದವರೇ
ಸ್ಟೂಲು ಹತ್ತಿ, ಇಕ್ಕಳದಿಂದ ತಾವೇ ಕಿತ್ತರು.
ತೂತಿಗೆ ತುಂಬಲು ಪುಟ್ಟಿ ಮುಗಿದಿತ್ತು.
ಬಚ್ಚಲಿನಿಂದ ಟೂತ್‌ಪೇಸ್ಟು ತಂದು ಒತ್ತಿ,
ಹೆಬ್ಬೆರಳಿನಿಂದ ನೀವಿದರು,
ನೀವುತ್ತಲೇ ಇದ್ದರು,
ಗೋಡೆ ಯಾವುದು ತೂತು ಯಾವುದು ತಿಳಿಯದ ಹಾಗೆ.

ಎರಡು ದಿನ ಬಾಗಿಲ ಬಳಿ ಲವಂಗದ ವಾಸನೆ.
ಒಳಗೆ ಬರುವಾಗ, ಹೊರಗೆ ಹೋಗುವಾಗ
ಅತ್ತೆ ಅಲ್ಲಿ ಅರೆಗಳಿಗೆ ನಿಂತದ್ದನ್ನು
ನಾನು ಕಂಡೆ. ಬೊಳ್ಳವ್ವನೂ ಕಂಡಳು.
ಬೆಕ್ಕು, ತನ್ನ ಬಿಸಿಲಿನ ಹಿಂದೆ,
ಅರ್ಧ ಅಡಿ ಪಕ್ಕಕ್ಕೆ ಸರಿಯಿತು.