ಅವಸರಕ್ಕೆ ಆರಿದ ಗಾಜು

ಏಳು ಚಳಿಗಾಲ ಕುಲುಮೆಯ ಮುಂದೆ ಬೆಂದು
ನನ್ನಪ್ಪ ಮತೌಶ್ ಊದಿದ್ದು ಆ ಬೆಟ್ಟ.
ಆರಿಸಲು ಏಳು ದಿನವೂ ಕೊಡಲಿಲ್ಲ ರಾಜ.
"ಮೆಲ್ಲಗೆ ಆರಲು ಬಿಡಿ ಪ್ರಭು,
ಅವಸರಕ್ಕೆ ಆರಿದ ಗಾಜು ಒಳಗೊಳಗೇ ಅಳುತ್ತೆ"
ಅಂದ ಅಪ್ಪ. ಆಮೇಲೆ ಕೂಲಿ ಕೇಳಿದ.
ರಾಜನಿಗೆ ಮಗಳಿರಲಿಲ್ಲ, ತಮಾಷೆ ಬೇಕಿತ್ತು.
ನನ್ನನ್ನೇ ಬುಟ್ಟಿಯಲ್ಲಿ ತುದಿಗೇರಿಸಿ ಹಗ್ಗ ಕತ್ತರಿಸಿದರು,
ಒಂದು ಮೂಟೆ ಒಣರೊಟ್ಟಿ, ಮಡಿಲಿಗೆ ಮೂರು ಚಿನ್ನದ ಸೇಬು.
ಕುದುರೆಯೇರಿ ಬಂದು ಎತ್ತಿಕೊಂಡವನಿಗೆ
ಸೇಬೂ ಅವನದು, ಯಿತ್ಕಾನೂ ಅವನವಳು.

ಹಾಡುಗಾರರು ಹೇಳುತ್ತಾರೆ, ನಾನು ಅಳುತ್ತ ಕೂತಿದ್ದೆನೆಂದು.
ಅತ್ತೆ, ಮೊದಲೆರಡು ದಿನ. ಆಮೇಲೆ ಚಳಿಗೆ
ಕಣ್ಣೀರು ರೆಪ್ಪೆಗೆ ಅಂಟಿ ನೋಯತೊಡಗಿತು, ಬಿಟ್ಟೆ.
ಕೆಳಗೆ ನೋಡುವುದನ್ನು ಕಲಿತೆ.

ಮೇಲಿನಿಂದ ನೋಡಿದರೆ ಶೂರರು ಇರುವೆ.
ಲಾಳ ಗಾಜಿಗೆ ತಾಗಿದಾಗ
ಹಲ್ಲು ಜುಮ್ಮೆನ್ನುವ ಸದ್ದು; ಅರ್ಧ ದಾರಿ, ಮುಕ್ಕಾಲು,
ಮತ್ತೆ ಬುಡ.
ಕುದುರೆಗಳು ಕೂಗಿದ್ದು ಈಗಲೂ ಕೆಲವು ರಾತ್ರಿ ಕೇಳುತ್ತೆ.
ಬರುತ್ತೀಯಾ ಅಂತ ಅವನ್ನು ಯಾರೂ ಕೇಳಿರಲಿಲ್ಲ,
ನನ್ನನ್ನು ಕೇಳದ ಹಾಗೇ.

ಬೆಟ್ಟಕ್ಕೆ ಕಿವಿಯಿಟ್ಟು ಮಲಗುತ್ತಿದ್ದೆ.
ಟಿಕ್.
ಬಹಳ ಹೊತ್ತು ಏನೂ ಇಲ್ಲ.
ಟಿಕ್.
ಅಪ್ಪ ಹೇಳಿದ ಅಳು.
ಎಲ್ಲಿ ಬಡಿದರೆ ಇಡೀ ಬೆಟ್ಟ ಸಾಸಿವೆಯಾಗುತ್ತೋ
ಮೂರನೇ ವಾರಕ್ಕೆ ಗೊತ್ತಾಯಿತು:
ನನ್ನ ಎಡ ಹಿಮ್ಮಡಿಯಿಂದ ಒಂದೇ ಮೊಳ.
ಸುಳ್ಳು ಹೇಳಲ್ಲ, ಕೈ ಎತ್ತಿದ್ದೆ.
ಬುಡದಲ್ಲಿ, ಡೇರೆಗಳ ನಡುವೆ ಒಬ್ಬಳು
ಯಾರದೋ ರಕ್ತದ ಅಂಗಿ ಹಿಂಡಿ ಹರವುತ್ತಿದ್ದಳು,
ಅವಳ ಬೆನ್ನಿಗೆ ಕಟ್ಟಿದ ಕೂಸು ಮೇಲೆ ನೋಡುತ್ತಿತ್ತು.
ಕೈ ಇಳಿಸಿದೆ.

ಚಿನ್ನ ಮೆತ್ತಗೆ; ಸೇಬಿಂದ ಗಾಜಿಗೆ ಗೀರೂ ಬೀಳದು.
ಉಳಿದದ್ದು ಬೆರಳ ಉಂಗುರ:
ಯಿಜೆರಾ ಹೊಳೆಯ ಮರಳು ಜಾಲಿಸುವಾಗ
ಒಂಬತ್ತನೇ ವಯಸ್ಸಲ್ಲಿ ನಾನೇ ಹೆಕ್ಕಿದ ಕೆಂಪು ಗಾರ್ನೆಟ್,
ಬಾರ್ಲಿ ಕಾಳಿನಷ್ಟು. ಗಾಜಿಗಿಂತ ಗಟ್ಟಿ.
ಮೊದಲ ಮೆಟ್ಟಿಲಿಗೆ ನಾಲ್ಕು ರಾತ್ರಿ ಹಿಡಿಯಿತು,
ಹೆಬ್ಬೆರಳು ಊರುವಷ್ಟೇ ಜಾಗ.
ಅಳುವ ಕಡೆ ಮುಟ್ಟದೆ, ಸುತ್ತಿ ಬಳಸಿ,
ಬೆಟ್ಟಕ್ಕೆ ಎದೆಯಾನಿಸಿ ಇಳಿದೆ.

ಮುಕ್ಕಾಲು ಎತ್ತರದಲ್ಲಿ ಸಿಕ್ಕಿದ್ದ ಓಲ್ದ್ರಿಖ್,
ಬೆಳ್ಳಿ ಕವಚ ತೊಟ್ಟು, ಉಡದ ಹಾಗೆ ಕಚ್ಚಿಕೊಂಡು.
"ಹೆದರಬೇಡ" ಅಂದ ನಡುಗುತ್ತ, "ಬಿಡಿಸಲು ಬಂದಿದ್ದೇನೆ."
"ಒಳ್ಳೇದು" ಅಂದೆ. "ಮೊದಲು ಬೂಟು ಬಿಚ್ಚು.
ಬರಿಗಾಲು ಇಲ್ಲಿಡು. ಕೆಳಗೆ ನೋಡು;
ನೋಡಬೇಡ ಅನ್ನುವವರು ಯಾವತ್ತೂ ಇಳಿದವರಲ್ಲ."

ನೆಲ ಮುಟ್ಟಿದಾಗ ಉಂಗುರದಲ್ಲಿ ಕಲ್ಲಿರಲಿಲ್ಲ,
ಅದರ ಗೂಡಷ್ಟೇ.
ಗೆದ್ದವರು ಯಾರು, ಅಂದ ರಾಜ.
ಓಲ್ದ್ರಿಖ್ ನನ್ನತ್ತ ಕೈ ತೋರಿಸಿ ಕೂತೇಬಿಟ್ಟ, ಕಾಲು ಬಾತಿತ್ತು.
ಒಂದು ಸೇಬು ಅಪ್ಪನ ಏಳು ಚಳಿಗಾಲದ ಕೂಲಿ, ಅಂದೆ.
ಒಂದು, ಕುದುರೆಗಳನ್ನು ಹೂಳುವವರಿಗೆ.
ಮೂರನೆಯದು ನನ್ನದು, ಯಾಕೆಂದು ಕೇಳಬೇಡಿ.
"ಹಾಗಾದರೆ ಯಿತ್ಕಾ ಯಾರವಳು?"

ಎಲ್ಲೋ ಮೇಲೆ, ಟಿಕ್.

ಡೇರೆ ಕೀಳಿ, ಅಂದೆ. ಈಗಲೇ. ಬಿಸಿಲೇರುವ ಮುಂಚೆ.
ಅಂಗಿ ಹಿಂಡುವವಳು ಮೊದಲು ಎದ್ದಳು.