ಹಸಿರು ರಟ್ಟಿನ ಪುಸ್ತಕ

ಅಮ್ಮನ ಮಂಚದ ಪಕ್ಕ, ಮೊಳೆಗೆ ದಾರ ಕಟ್ಟಿ
ತೂಗುಹಾಕಿದ್ದಾರೆ ಒಂದು ಹಸಿರು ರಟ್ಟಿನ ಪುಸ್ತಕ.
ಎಡಪುಟ ಅವರದು, ಬಲಪುಟ ನಮ್ಮದು.

ಅವರು ಬರೆಯುತ್ತಾರೆ: ಸ್ನಾನ ಆಯಿತು. ಮೀನಿನ ಸೂಪು, ಅರ್ಧ ಬಟ್ಟಲು.
ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಬೇಕು.
ನಾವು ಬರೆಯುತ್ತೇವೆ: ಬ್ಯಾಟರಿ ತಂದಿದ್ದೇವೆ. ಕಾಲುಚೀಲ ನಾಲ್ಕು ಜೊತೆ,
ಒಂದೊಂದರಲ್ಲೂ ಹೆಸರು ಹೊಲಿದಿದೆ, ಗುನ್ವೋರ್ ಅಂತ.
ಆದರೂ ಅವಳ ಕಾಲಲ್ಲಿ ಪಕ್ಕದ ಕೋಣೆಯ ಹರಾಲ್ಡನವು ಯಾಕೆ?

ಸೇರಿಸಿದ ದಿನ ಸಹಿ ಹಾಕಿದ್ದೆ. ಕಾಗದದಲ್ಲಿ ಎಲ್ಲ ಪಾಲಾಗಿತ್ತು,
ಸತ್ತ ಅಪ್ಪನ ದೋಣಿಯನ್ನು ಮಕ್ಕಳು ಹಂಚಿಕೊಂಡ ಹಾಗೆ:
ಔಷಧಿ, ಊಟ, ಮೈ ತೊಳೆಯುವುದು, ಮಗ್ಗುಲು ಬದಲಿಸುವುದು ಅವರಿಗೆ;
ಬಟ್ಟೆ, ಕನ್ನಡಕ, ಹಬ್ಬದ ದಿನ ಮನೆಗೆ ಕರೆದೊಯ್ಯುವುದು ನಮಗೆ.
ಉಗುರು ಯಾರಿಗೆಂದು ಯಾರೂ ಬರೆದಿರಲಿಲ್ಲ.

ಜನವರಿಯ ಮೊದಲ ಗುರುವಾರ ಅವಳ ಪಾದ ಊದಿಕೊಂಡಿತ್ತು.
ರಾತ್ರಿಯೆಲ್ಲ ಕುರ್ಚಿಯಲ್ಲೇ ಕೂತಿದ್ದರು, ಅಂದರು ಬೆಳಗಿನ ಪಾಳಿಯವರು.
ಬಲಪುಟದಲ್ಲಿ ಪೆನ್ನು ಒತ್ತಿ ಬರೆದೆ, ಕಾಗದ ಹರಿಯುವಷ್ಟು:
ಎಂಬತ್ತೊಂಬತ್ತರ ಮುದುಕಿಯನ್ನು ನಡುರಾತ್ರಿ ಎಬ್ಬಿಸಿ ಕೂರಿಸಿದ್ದು ಯಾರು?
ಇದಕ್ಕೆ ಹೊಣೆ ಯಾರು?

ಮುಂದಿನ ವಾರ ಎಡಪುಟದಲ್ಲಿ ಉತ್ತರವಿತ್ತು.
ದುಂಡನೆಯ ಅಕ್ಷರ, ಇನ್ನೂ ಕಲಿಯುತ್ತಿರುವ ನಾರ್ವೆ ಭಾಷೆ:
"ನಾನು. ರಾತ್ರಿ ಪಾಳಿ. ಹೆಸರು ಲೆತೆಬ್ರಹಾನ್.
ನಾನು ಎಬ್ಬಿಸುವುದಿಲ್ಲ. ಮೂರು ಗಂಟೆಗೆ ಅವರೇ ಏಳುತ್ತಾರೆ.
ಕೆಟಲ್ ಎಲ್ಲಿ ಅನ್ನುತ್ತಾರೆ. ಮಲಗಿಸಿದರೆ ಅಳುತ್ತಾರೆ,
ಕಿಟಕಿ ಹತ್ತಿರ ಕೂರಿಸಿದರೆ ಅಳುವುದಿಲ್ಲ.
ಕಾಲಿನ ಕೆಳಗೆ ಮಣೆ ಇಡಬೇಕಿತ್ತು. ಅದು ನನ್ನ ತಪ್ಪು.
ಮೂರು ಗಂಟೆಗೆ ಏನಿದೆ? ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ.
ಆ ಹೊತ್ತಿನಲ್ಲಿ ನಾನು ಯಾವತ್ತೂ ಎಚ್ಚರವಿದ್ದವನಲ್ಲ.
ನನಗೆ ಗೊತ್ತಿದ್ದದ್ದು ಬೆಳಗಿನದು ಮಾತ್ರ:
ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ ಎರಡು ಲೋಟ,
ಬಾಗಿಲಲ್ಲಿ ಅಪ್ಪನ ಬೂಟು ಇಲ್ಲ,
ಬಂದರಿನಲ್ಲಿ ದೋಣಿ ಇಲ್ಲ.

ಹೀಟರ್ ಹಾಕಿಕೊಂಡು ಕಾರಿನಲ್ಲಿ ಬಹಳ ಹೊತ್ತು ಕೂತೆ.
ವಾರ್ಡೊದಲ್ಲಿ ಸೂರ್ಯ ಇನ್ನೂ ವಾಪಸು ಬಂದಿರಲಿಲ್ಲ,
ಹಗಲಿನ ಮೂರಕ್ಕೂ ರಾತ್ರಿಯ ಮೂರಕ್ಕೂ ಒಂದೇ ಮುಖ.
ಅರ್ಧ ಲೆತೆಬ್ರಹಾನ್ ಹತ್ತಿರ ಇತ್ತು, ಅರ್ಧ ನನ್ನ ಹತ್ತಿರ;
ನಡುವೆ ಅಮ್ಮ ಬರಿಗಾಲಲ್ಲಿ ಕೆಟಲ್ ಹುಡುಕುತ್ತಿದ್ದಳು.

ಒಳಗೆ ಹೋಗಿ ಬರೆದೆ. ಅಪ್ಪ, ಬೂಟು, ಎರಡು ಲೋಟ, ಎಲ್ಲ.
ಕ್ಷಮಿಸಿ ಅನ್ನುವ ಹೊತ್ತಿಗೆ ನಮ್ಮ ಪುಟ ಮುಗಿದಿತ್ತು,
ಅವರ ಪುಟದ ಅಂಚಿಗೆ ದಾಟಿ ಬರೆದೆ.

ಮನೆಯಿಂದ ನೀಲಿ ಲೋಟ ತಂದುಕೊಟ್ಟೆ, ಒಂದೇ ಉಳಿದಿತ್ತು.
ಆ ವಾರದ ಎಡಪುಟ: "೩.೧೦. ಕಾಫಿ, ನೀರೇ ಜಾಸ್ತಿ. ಅರ್ಧ ಕುಡಿದರು.
ಇನ್ನರ್ಧ ನನ್ನ ಕಡೆ ತಳ್ಳಿ, ಬೇಗ ಕುಡಿ, ಗಾಳಿ ಏಳುತ್ತೆ ಅಂದರು.
ಕುಡಿದೆ. ಕಾಲಿನ ಕೆಳಗೆ ಮಣೆ ಇದೆ."

ಕಾಲುಚೀಲ ಈಗಲೂ ಅದಲುಬದಲಾಗುತ್ತವೆ.
ನನಗೆ ಈಗಲೂ ಸಿಟ್ಟು ಬರುತ್ತದೆ.
ನಿನ್ನೆ ಉಗುರು ಕತ್ತರಿಸುತ್ತಿದ್ದೆ, ಏಳಾದ ಮೇಲೆ
ಕೈ ಎಳೆದುಕೊಂಡು ನಿದ್ದೆ ಹೋದಳು.
ಪುಸ್ತಕದಲ್ಲಿ ಬರೆದಿಟ್ಟು ಬಂದೆ:
ಎಡಗೈಯಲ್ಲಿ ಮೂರು ಉಳಿದಿವೆ.